ತಲೆಯ ಗಾಯ ಮಾಯ್ದ ಮೇಲೆ

ತಲೆಗೆ ಪೆಟ್ಟು ಬಿದ್ದು ಆಸ್ಪತ್ರೆ ಸೇರಿದವರು ಬದುಕಿ ಬಂದರೆ ಸಾಕೆಂದು ಮನೆಮಂದಿಯೆಲ್ಲ ಹಂಬಲಿಸುತ್ತಾರೆ. ಹೊಲಿಗೆ ಬಿಚ್ಚಿ, ಕೂದಲು ಮತ್ತೆ ಬೆಳೆದು, ಅವರು ತಾವೇ ನಡೆದು ಹೊಸ್ತಿಲು ದಾಟಿದಾಗ ಗಂಡಾಂತರ ಕಳೆಯಿತೆಂದು ಸಮಾಧಾನಪಡುತ್ತಾರೆ. ಆದರೆ ಕುಟುಂಬದ ಪರೀಕ್ಷೆ ಆರಂಭವಾಗುವುದು ಆ ಹೊಸ್ತಿಲಿನಿಂದಲೇ ಎಂಬುದನ್ನು ನಾವು ನಮ್ಮ ಮನೆಯಲ್ಲಿಯೇ ಕಂಡುಕೊಂಡೆವು.

ನಮ್ಮ ತಮ್ಮ ಬೈಕಿನಿಂದ ಬಿದ್ದಾಗ ಹೆಲ್ಮೆಟ್ಟು ತಲೆಯ ಮೇಲಿರಲಿಲ್ಲ, ಮನೆಯ ಗೂಟದಲ್ಲಿ ತೂಗುತ್ತಿತ್ತು. ಹಲವು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದವನು ಚೇತರಿಸಿಕೊಂಡು ಮನೆಗೆ ಬಂದ. ನೋಡಲು ಬಂದವರೆಲ್ಲ ಮೊದಲಿನಂತೆಯೇ ಇದ್ದಾನೆಂದು ಹೇಳಿ ಹೋದರು. ನಮಗೆ ಮಾತ್ರ ಬೇರೊಬ್ಬನೇ ಬಂದಂತೆ ತೋರಿತು. ಅಂಗಡಿಯ ಲೆಕ್ಕವನ್ನು ಬಾಯಲ್ಲಿಯೇ ಹೇಳುತ್ತಿದ್ದವನು ಬೆಳಿಗ್ಗೆ ಉಂಡದ್ದನ್ನು ಮಧ್ಯಾಹ್ನ ಮರೆಯುತ್ತಿದ್ದ. ಎಂದೂ ದನಿಯೆತ್ತದವನು ತಟ್ಟೆ ಬಿದ್ದ ಸದ್ದಿಗೆ ಸಿಡಿದೇಳುತ್ತಿದ್ದ. ಒಲೆಯ ಮೇಲೆ ಹಾಲು ಸೀದರೂ ಪಕ್ಕದಲ್ಲಿ ಕುಳಿತವನಿಗೆ ಅರಿವಾಗುತ್ತಿರಲಿಲ್ಲ. ನಾವು ಅದನ್ನು ಹಟವೆಂದು, ಸೋಮಾರಿತನವೆಂದು ತಿಳಿದೆವು. "ಬೇಕೆಂತಲೇ ಹೀಗೆ ಮಾಡುತ್ತೀಯೇನು?" ಎಂದು ಗದರಿದ ದಿನ ಅವನು ಉತ್ತರಿಸದೆ ಗೋಡೆಯ ಕಡೆ ತಿರುಗಿ ಮಲಗಿದ್ದು ಇಂದಿಗೂ ನಮ್ಮನ್ನು ಚುಚ್ಚುತ್ತದೆ. ಆ ತಪ್ಪು ಬೇರೆ ಮನೆಗಳಲ್ಲಿ ಆಗದಿರಲೆಂದೇ ಈ ಲೇಖನ.

ಒಳಗೆ ಆಗುವುದೇನು?

ಒಂದೂಕಾಲು ಕಿಲೋಗಿಂತ ತುಸು ಹೆಚ್ಚು ತೂಗುವ ಮೆದುಳು ಬಲು ಮೃದುವಾದ ಅವಯವ. ತಲೆಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುತ್ತದೆ. ತಲೆ ನೆಲಕ್ಕೆ ಅಪ್ಪಳಿಸಿದಾಗ ಅದು ಒಳಗೋಡೆಗೆ ಬಡಿಯುತ್ತದೆ. ಕೆಲವೊಮ್ಮೆ ಪೆಟ್ಟು ಬಿದ್ದ ಕಡೆಗಿಂತ ಎದುರು ಬದಿಗೇ ಹೆಚ್ಚಿನ ಹಾನಿಯಾಗುತ್ತದೆ. ನೂಲಿನಂತಹ ನರತಂತುಗಳು ಜಗ್ಗಿ ಹರಿಯುತ್ತವೆ. ಹಣೆಯ ಹಿಂದಿನ ಭಾಗಕ್ಕೆ ಪೆಟ್ಟಾದರೆ ಕೋಪದ ಮೇಲಿನ ಹಿಡಿತ, ಕೆಲಸ ಆರಂಭಿಸುವ ಉತ್ಸಾಹ, ವಿವೇಚನೆ ಕುಂದುತ್ತವೆ. ಕಪೋಲದ ಪಕ್ಕದ ಭಾಗಗಳಿಗಾದರೆ ನೆನಪು ಸಡಿಲಗೊಳ್ಳುತ್ತದೆ. ವಾಸನೆಯ ನರಗಳು ಕಡಿದರೆ ಸೀದ ಹಾಲಿನ ವಾಸನೆಯಾಗಲಿ, ಅಡುಗೆ ಅನಿಲ ಸೋರಿದ ವಾಸನೆಯಾಗಲಿ ತಿಳಿಯದು. ನಾವು ಹಟವೆಂದು ಬಗೆದದ್ದು ಗಾಯದ ಲಕ್ಷಣವಾಗಿತ್ತು.

ಅರ್ಧಕ್ಕೇ ನಿಂತ ಒಂದು ಕಥೆ

ವೈದ್ಯಗ್ರಂಥಗಳಲ್ಲಿ ಪ್ರಸಿದ್ಧನಾದ ಗಾಯಾಳುವೊಬ್ಬನಿದ್ದಾನೆ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ರೈಲುಮಾರ್ಗದ ಕೆಲಸದ ಮೇಸ್ತ್ರಿಯಾಗಿದ್ದ ಫಿನಿಯಸ್ ಗೇಜ್. ೧೮೪೮ರ ಸೆಪ್ಟೆಂಬರ್ ೧೩ರಂದು ಬಂಡೆ ಸಿಡಿಸುವ ಮದ್ದು ಅಕಾಲದಲ್ಲಿ ಸಿಡಿದು, ಸುಮಾರು ಮೂರೂವರೆ ಅಡಿ ಉದ್ದದ, ೬ ಕಿಲೋ ತೂಕದ ಕಬ್ಬಿಣದ ಸಲಾಕೆ ಅವನ ಎಡಗೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಅಚ್ಚರಿಯೆಂದರೆ ಅವನು ಬದುಕಿದ. ಆದರೆ ಹಿಂದೆ ಶಿಸ್ತಿನ ಕೆಲಸಗಾರನಾಗಿದ್ದವನು ಒರಟನೂ ಚಂಚಲನೂ ಆದನೆಂದು, ಹಳೆಯ ಕೆಲಸ ಮತ್ತೆ ದೊರೆಯಲಿಲ್ಲವೆಂದು ಅವನನ್ನು ಉಪಚರಿಸಿದ ಡಾ. ಜಾನ್ ಹಾರ್ಲೋ ಬರೆದಿಟ್ಟರು. ಬಹುಕಾಲ ಲೋಕ ಹೇಳುತ್ತ ಬಂದದ್ದು ಈ ಅರ್ಧ ಕಥೆಯನ್ನೇ.

ಉಳಿದರ್ಧ ಹೀಗಿದೆ. ೧೮೫೨ರಲ್ಲಿ ಗೇಜ್ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆಬಂಡಿ ನಡೆಸಿದ. ಕುದುರೆಗಳ ಆರೈಕೆ ಮಾಡಬೇಕು, ಪ್ರಯಾಣಿಕರೊಡನೆ ವ್ಯವಹರಿಸಬೇಕು, ಕಷ್ಟದ ದಾರಿಯಲ್ಲಿ ಎಚ್ಚರದಿಂದ ಲಗಾಮು ಹಿಡಿಯಬೇಕು. ಅನುದಿನವೂ ಅದೇ ಕ್ರಮ. ೧೮೬೦ರಲ್ಲಿ ಮೂರ್ಛೆರೋಗದಿಂದ ತೀರಿಕೊಳ್ಳುವ ಮುನ್ನ ಅವನು ಬಹುಮಟ್ಟಿಗೆ ಸುಧಾರಿಸಿದ್ದನೆಂದೂ, ಕ್ರಮಬದ್ಧವಾದ ದುಡಿಮೆ ಅದಕ್ಕೆ ನೆರವಾಗಿರಬೇಕೆಂದೂ ಈಚಿನ ಸಂಶೋಧಕರು ಅಭಿಪ್ರಾಯಪಡುತ್ತಾರೆ. ಕಾಯಕದ ಮಹತ್ವವನ್ನು ಸಾರಿದ ಶರಣರ ನಾಡಿನವರಾದ ನಮಗೆ ಇದು ಬೇಗ ಮನಮುಟ್ಟುವ ಮಾತು.

ದಿನಚರಿಯ ಆಸರೆ

ನಮ್ಮ ತಮ್ಮನಿಗೆ ಅಂದಿನ ವಾರ ಯಾವುದೆಂಬುದು ತಿಳಿಯುತ್ತಿರಲಿಲ್ಲ. ಆದರೆ ಒಂದು ಮುಂಜಾನೆ ನಮ್ಮ ತಾಯಿಯವರು ಮಡಿಯಾಗಿ ಕೂಡಿಸಿ ಇಷ್ಟಲಿಂಗವನ್ನು ಅವನ ಅಂಗೈಯಲ್ಲಿರಿಸಿದರು. ವಿಭೂತಿ ಧರಿಸಿ, ಮಜ್ಜನ ಮಾಡಿಸಿ, ಪತ್ರೆ ಏರಿಸುವ ತನಕ ಅವನ ಕೈಗಳು ಎಲ್ಲಿಯೂ ತಡವರಿಸಲಿಲ್ಲ. ರೂಢಿಯ ಕ್ರಿಯೆಗಳ ನೆನಪು ಬೇರೆ ಬಗೆಯದು, ಎಷ್ಟೋ ಸಲ ಪೆಟ್ಟಿನ ಬಳಿಕವೂ ಉಳಿದಿರುತ್ತದೆ ಎಂದು ವೈದ್ಯರು ತಿಳಿಸಿದರು. ಅಂದಿನಿಂದ ಪೂಜೆಯ ವೇಳೆಯೇ ಅವನ ದಿನದ ಮೊದಲ ಗುರುತಾಯಿತು. ಉಳಿದ ದಿನಚರಿಯನ್ನು ಅದಕ್ಕೆ ಹೊಂದಿಸಿಕೊಂಡೆವು.

ನಮಗೆ ನೆರವಾದ ಕೆಲವು ರೂಢಿಗಳು ಇವು. ಒಮ್ಮೆಗೆ ಒಂದೇ ಮಾತು, ಒಂದೇ ಕೆಲಸ ಹೇಳುವುದು. ಬೀಗದ ಕೈ, ಕನ್ನಡಕ, ಮಾತ್ರೆಗಳಿಗೆ ಕಾಯಂ ಜಾಗ ಗೊತ್ತುಮಾಡುವುದು. ಮಾಡಬೇಕಾದುದನ್ನು ಕಿರುಪುಸ್ತಕದಲ್ಲಿ ಅವರ ಕೈಯಿಂದಲೇ ಬರೆಸುವುದು. ಮಧ್ಯಾಹ್ನ ಸದ್ದಿಲ್ಲದ ಕೋಣೆಯಲ್ಲಿ ವಿಶ್ರಾಂತಿ. ಏಕೆಂದರೆ ಗಾಯಗೊಂಡ ಮೆದುಳು ಬೇಗ ದಣಿಯುತ್ತದೆ. ಕೋಪ ಬಂದಾಗ ವಾದಕ್ಕಿಳಿಯದೆ ಸ್ವಲ್ಪ ಹೊತ್ತು ಸುಮ್ಮನಿರುವುದು. ಮದ್ಯ ಸರ್ವಥಾ ಕೂಡದು. ಮೂರ್ಛೆ ತಡೆಯುವ ಮಾತ್ರೆಗಳನ್ನು ವೈದ್ಯರ ಅಪ್ಪಣೆಯಿಲ್ಲದೆ ನಿಲ್ಲಿಸಬಾರದು. ಅವರು ಒಪ್ಪುವವರೆಗೆ ವಾಹನ ನಡೆಸಬಾರದು.

ಮೊದಲ ಆರು ತಿಂಗಳಲ್ಲಿ ಸುಧಾರಣೆ ಸಾಮಾನ್ಯವಾಗಿ ವೇಗವಾಗಿರುತ್ತದೆ. ಅನಂತರ ಗತಿ ನಿಧಾನವಾದರೂ ಅಭ್ಯಾಸದಿಂದ ವರ್ಷಗಟ್ಟಲೆ ಮುಂದುವರಿಯಬಲ್ಲದು. ಉಳಿದ ನರಕೋಶಗಳು ಹೊಸ ಸಂಪರ್ಕಗಳನ್ನು ಬೆಳೆಸಿಕೊಳ್ಳಬಲ್ಲವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ನರವೈಜ್ಞಾನಿಕ ಪುನಶ್ಚೇತನ ವಿಭಾಗವಿದೆ. ಮಾತು, ನಡಿಗೆ, ನೆನಪು, ದಿನಬಳಕೆಯ ಕೆಲಸಗಳ ತರಬೇತಿಯೂ ಚಿಕಿತ್ಸೆಯ ಅಂಗವೇ.

ಆರೈಕೆ ಮಾಡುವವರ ಕಡೆಗೂ ಮನೆ ಗಮನ ಕೊಡಬೇಕು. ಸಾಮಾನ್ಯವಾಗಿ ಈ ಭಾರ ಹೆಂಡತಿಯ ಅಥವಾ ತಾಯಿಯ ಹೆಗಲಿಗೇ ಬೀಳುತ್ತದೆ. ಬಂಧುಗಳು ಹಣ್ಣು ತಂದು ಕ್ಷೇಮ ವಿಚಾರಿಸಿ ಹೋಗುವುದಕ್ಕಿಂತ, ವಾರಕ್ಕೊಂದು ಮಧ್ಯಾಹ್ನ ಗಾಯಾಳುವಿನ ಬಳಿ ತಾವೇ ಕುಳಿತು ಆ ತಾಯಿಯನ್ನು ನಿದ್ರೆಗೆ ಕಳುಹಿಸಿದರೆ ಅದು ನಿಜವಾದ ದಾಸೋಹ.

ಇಂದು ನಮ್ಮ ತಮ್ಮ ಬೆಳಿಗ್ಗೆ ಎರಡು ಗಂಟೆ ಅಂಗಡಿಯಲ್ಲಿ ಕುಳಿತುಕೊಳ್ಳುತ್ತಾನೆ. ಲೆಕ್ಕವನ್ನು ಬಾಯಲ್ಲಿ ಹೇಳಲಾರ. ಚೀಟಿಯಲ್ಲಿ ಬರೆದು, ಎರಡು ಸಲ ಕೂಡಿ ಹೇಳುತ್ತಾನೆ. ಹಳೆಯ ಗಿರಾಕಿಗಳು ಕಾಯುತ್ತಾರೆ. ಹಾಲಿನ ವಾಸನೆ ಇನ್ನೂ ತಿಳಿಯದು, ಕೋಪವೂ ಪೂರ್ತಿ ಹೋಗಿಲ್ಲ. ಮೊದಲಿನವನಂತೆ ಆಗೆಂದು ನಾವು ಅವನನ್ನು ಪೀಡಿಸುವುದನ್ನು ಬಿಟ್ಟಿದ್ದೇವೆ.

ಕೊನೆಗೊಂದು ಬಿನ್ನಹ. ಕರ್ನಾಟಕದಲ್ಲಿ ೨೦೧೬ರಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ಟು ಕಡ್ಡಾಯವಾಗಿದೆ. ಅದನ್ನು ಗೂಟಕ್ಕೆ ಹಾಕದೆ ತಲೆಗೆ ಧರಿಸಿ, ಗದ್ದದ ಪಟ್ಟಿಯನ್ನು ಬಿಗಿಯಿರಿ. ತಲೆಗೆ ಪೆಟ್ಟಾದವರಲ್ಲಿ ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ಸೆಳವು, ಕಿವಿ ಮೂಗುಗಳಿಂದ ರಕ್ತ ಅಥವಾ ನೀರು ಸೋರುವುದು ಕಂಡರೆ ಬೆಳಗಾಗಲೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.