ಯಂತ್ರದ ಸಾಕ್ಷ್ಯ: ನೆಟ್‌ವರ್ಕ್ ಡ್ರೈವರಿನ ದೋಷಶೋಧ ಸಂದೇಶಗಳು

ವಕ್ತೃವಿನ ಹೆಸರು, ಊರು, ಹಾಡಿದ ಸಂದರ್ಭ ಇವು ಯಾವುವೂ ನಮೂದಾಗದ ಜಾನಪದ ಪಠ್ಯವು ಅಧ್ಯಯನಕ್ಕೆ ಅರ್ಧಮರ್ಧವಾಗಿ ಮಾತ್ರ ಒದಗಿಬರುತ್ತದೆ. ಪಠ್ಯದೊಂದಿಗೆ ಸಂದರ್ಭವನ್ನೂ ದಾಖಲಿಸಬೇಕೆಂದು ಅಲನ್ ಡಂಡೆಸ್ 1964ರಲ್ಲಿಯೇ ಪ್ರತಿಪಾದಿಸಿದ್ದರು. ಗಣಕಯಂತ್ರವು ತನ್ನ ನಡೆಯ ಬಗ್ಗೆ ತಾನೇ ಬರೆದಿಡುವ ಲಾಗ್ ಸಂದೇಶಗಳಿಗೂ ಈ ಮಾತು ಅನ್ವಯಿಸುತ್ತದೆ. ಲಿನಕ್ಸ್ ಕರ್ನೆಲ್ಲಿನ ನೆಟ್‌ವರ್ಕ್ ಡ್ರೈವರುಗಳನ್ನು ಇದಕ್ಕೆ ನಿದರ್ಶನವಾಗಿ ಪರಿಶೀಲಿಸಬಹುದು.

ನೆಟ್‌ವರ್ಕ್ ಕಾರ್ಡಿಗೂ ಕರ್ನೆಲ್ಲಿಗೂ ನಡುವೆ ನಿಂತು ವ್ಯವಹರಿಸುವ ತಂತ್ರಾಂಶವೇ ಡ್ರೈವರ್. ಅದು ಹೊರಡಿಸುವ ಸಂದೇಶಗಳು ಚಕ್ರಾಕಾರದ ಸ್ಮೃತಿಕೋಶವೊಂದರಲ್ಲಿ ಸಂಚಯವಾಗುತ್ತವೆ; ಕೋಶ ತುಂಬಿದಾಗ ಹೊಸದು ಹಳೆಯದನ್ನು ಅಳಿಸುತ್ತದೆ. ಸಂಪರ್ಕ ಕಡಿದ ಹೊತ್ತಿನಲ್ಲಿ ಇವನ್ನು ಓದುವವರು ಸಾಮಾನ್ಯವಾಗಿ ಡ್ರೈವರನ್ನು ಬರೆದವರಲ್ಲ, ಬೇರೆಲ್ಲೋ ಇರುವ ನಿರ್ವಾಹಕರು. ಅನೇಕ ವೇಳೆ ಅವರಿಗೆ ಉಳಿದಿರುವ ಸಾಕ್ಷ್ಯ ಇದೊಂದೇ.

‘ರವಾನೆ ವಿಫಲ’ ಎಂಬಷ್ಟೇ ಸಂದೇಶವನ್ನು ಗಮನಿಸಬಹುದು. ಯಂತ್ರದಲ್ಲಿ ನಾಲ್ಕು ಕಾರ್ಡುಗಳಿದ್ದರೆ ವಿಫಲವಾದದ್ದು ಯಾವುದೆಂದು ಇದರಿಂದ ತಿಳಿಯದು. ಆದ್ದರಿಂದ ಬರಿಯ ‘ಪ್ರಿಂಟ್‌ಕೆ’ಯ ಬದಲು ‘ನೆಟ್‌ಡೆವ್_ಡಿಬಿಜಿ’ಯನ್ನು ಬಳಸುವುದು ಸೂಕ್ತ. ಡ್ರೈವರಿನ ಹೆಸರು, ಸಾಧನದ ನೆಲೆ, ಸಂಪರ್ಕದ್ವಾರದ ಹೆಸರು ಈ ಮೂರನ್ನೂ ಅದು ತಾನಾಗಿಯೇ ಸಂದೇಶದ ಮೊದಲಿಗೆ ಸೇರಿಸುತ್ತದೆ. ಮುಂದಿನದು ವಿವರದ ಪ್ರಶ್ನೆ. ‘ಎರಡನೆಯ ಸರತಿಯಲ್ಲಿ ರವಾನೆ ವಿಫಲ, ದೋಷಸಂಖ್ಯೆ -110’ ಎಂದಾಗ ಕಾಲಾವಧಿ ಮೀರಿದ್ದೇ ಕಾರಣವೆಂಬುದು ಬಲ್ಲವರಿಗೆ ಸ್ಪಷ್ಟವಾಗುತ್ತದೆ. ಸಂಖ್ಯೆಯೊಂದಿಗೆ ದೋಷದ ಹೆಸರನ್ನೂ ಮುದ್ರಿಸಿದರೆ ಉಳಿದವರಿಗೂ ತಿಳಿಯುತ್ತದೆ.

ಸಂದೇಶದ ತೂಕವನ್ನು ನಿರ್ಣಯಿಸುವುದೂ ಅಷ್ಟೇ ಮುಖ್ಯ. ಕರ್ನೆಲ್ಲಿನಲ್ಲಿ 0ಯಿಂದ 7ರವರೆಗೆ ಎಂಟು ಸ್ತರಗಳಿವೆ. 0 ಎಂದರೆ ವ್ಯವಸ್ಥೆಯೇ ಕುಸಿದ ಸ್ಥಿತಿ, 7 ಎಂದರೆ ದೋಷಶೋಧ. ದೋಷಶೋಧದ ಮಾತನ್ನು ಎಚ್ಚರಿಕೆಯ ಸ್ತರದಲ್ಲಿ ಕೂಗಿದರೆ ನಿಜವಾದ ಎಚ್ಚರಿಕೆಗೆ ಕಿವಿಗೊಡುವವರು ಇಲ್ಲವಾಗುತ್ತಾರೆ. ‘ಡೈನಾಮಿಕ್ ಡಿಬಗ್’ ಸೌಲಭ್ಯವನ್ನು ಅಳವಡಿಸಿಕೊಂಡ ಕರ್ನೆಲ್ಲಿನಲ್ಲಿ ಈ ಸಂದೇಶಗಳು ಮೌನವಾಗಿದ್ದು, ಬೇಕಾದ ಕಡತ, ಕಾರ್ಯ ಅಥವಾ ಸಾಲಿನವನ್ನು ಮಾತ್ರ ಯಂತ್ರ ನಡೆಯುತ್ತಿರುವಾಗಲೇ ಎಬ್ಬಿಸಬಹುದು.

ಸಂದೇಶಗಳ ಸಂಖ್ಯೆಗೂ ಮಿತಿ ಬೇಕು. ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ಈಥರ್‌ನೆಟ್ ತಂತಿಯಲ್ಲಿ ಅತಿ ಚಿಕ್ಕ ಪೊಟ್ಟಣಗಳು ಸೆಕೆಂಡಿಗೆ ಸುಮಾರು 14.88 ಲಕ್ಷದಷ್ಟು ಹರಿಯಬಲ್ಲವು. 1,15,200 ಬಾಡ್ ವೇಗದ ಸೀರಿಯಲ್ ಕನ್ಸೋಲಾದರೋ ಸೆಕೆಂಡಿಗೆ ಹೆಚ್ಚೆಂದರೆ 11,520 ಅಕ್ಷರಗಳನ್ನು, ಎಂದರೆ 80 ಅಕ್ಷರಗಳ 144 ಸಾಲುಗಳನ್ನು ಮಾತ್ರ ಸಾಗಿಸಬಲ್ಲದು. ಪೊಟ್ಟಣಕ್ಕೊಂದು ಸಂದೇಶ ಬರೆದರೆ ರೋಗ ಹುಡುಕಲು ಬಂದ ಮದ್ದೇ ರೋಗವಾಗುತ್ತದೆ. ಈ ಕಾರಣದಿಂದಲೇ ಕರ್ನೆಲ್ಲಿನ ಮಿತಿ ವ್ಯವಸ್ಥೆಯು ರೂಢಿಯಂತೆ ಐದು ಸೆಕೆಂಡಿಗೆ ಹತ್ತು ಸಂದೇಶಗಳನ್ನಷ್ಟೇ ಬಿಡುತ್ತದೆ.

ಸಂದೇಶದ ವಾಕ್ಯವನ್ನು ಆಕರಸಂಹಿತೆಯಲ್ಲಿ ಎರಡು ಸಾಲಾಗಿ ಮುರಿಯಬಾರದೆಂಬುದು ಕರ್ನೆಲ್ಲಿನ ಬರವಣಿಗೆಯ ನಿಯಮ. ಮುರಿದರೆ, ಲಾಗ್‌ನಲ್ಲಿ ಕಂಡ ಮಾತಿನ ಮೂಲವನ್ನು ಹುಡುಕಿ ತಲುಪುವುದು ಕಷ್ಟವಾಗುತ್ತದೆ. ಹೇಳಬಾರದ್ದನ್ನು ಹೇಳದಿರುವ ಹೊಣೆಯೂ ಇದೆ. ಸ್ಮೃತಿಯ ವಿಳಾಸಗಳು ದಾಳಿಕೋರರಿಗೆ ದಾರಿಯಾಗುವುದರಿಂದ, 2018ರಲ್ಲಿ ಬಿಡುಗಡೆಯಾದ 4.15ನೆಯ ಆವೃತ್ತಿಯಿಂದ ಸಾಮಾನ್ಯ ಮುದ್ರಣದಲ್ಲಿ ಅವು ಮರೆಮಾಚಿದ ರೂಪದಲ್ಲಿಯೇ ಕಾಣಿಸುತ್ತವೆ.

ಯಾರು, ಎಲ್ಲಿ, ಏನು, ಎಷ್ಟು ಎಂಬ ಪ್ರಶ್ನೆಗಳಿಗೆ ಉತ್ತರಿಸಿ, ಉಳಿದ ಹೊತ್ತು ಮೌನವಾಗಿರುವ ಸಂದೇಶವೇ ಉತ್ತಮ ಸಂದೇಶವೆನ್ನಬಹುದು. ಬರೆದವರು ಎದುರಿಲ್ಲದಾಗಲೂ ಓದಿದವರಿಗೆ ದಾರಿ ತೋರುವುದೇ ದಾಖಲೆಯ ಧರ್ಮ.