ಉದ್ಯಮಿಯ ನಿಜವಾದ ಬಂಡವಾಳ

ಯಶಸ್ವಿ ಉದ್ಯಮಿಯಾಗಲು ಏನು ಬೇಕೆಂದು ಕೇಳಿದರೆ ಬಹುತೇಕರ ಉತ್ತರ ಎರಡೇ: ಹಣ ಮತ್ತು ಧೈರ್ಯ. ಸರ್ಕಾರಿ ಸೇವೆಯಲ್ಲಿದ್ದಾಗ ನಾನೂ ಹಾಗೆಯೇ ನಂಬಿದ್ದೆ. ಆ ನಂಬಿಕೆಯನ್ನು ಅಲುಗಿಸಿದ್ದು ಚಿಂಚೋಳಿ ತಾಲ್ಲೂಕಿನ ಒಂದು ಪುಟ್ಟ ಬೇಳೆ ಗಿರಣಿ.

2015ರಲ್ಲಿ ತೊಗರಿ ಬೇಳೆಯ ಚಿಲ್ಲರೆ ದರ ದೇಶದ ಹಲವೆಡೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ಆ ವರ್ಷ ಅಲ್ಲಿನ ಪದವೀಧರ ಯುವಕರೊಬ್ಬರ ಸಾಲದ ಅರ್ಜಿ ನನ್ನ ಮುಂದೆ ಬಂದಿತು. ತೊಗರಿಯ ಕಣಜವೆನಿಸಿದ ಸೀಮೆ, ಸ್ವಂತ ಜಾಗ, ತುಂಬು ಉತ್ಸಾಹ. ಯಂತ್ರದ ಬೆಲೆ, ಜಾಮೀನು, ಸಹಾಯಧನದ ಅರ್ಹತೆ ಎಲ್ಲವನ್ನೂ ಪರಿಶೀಲಿಸಿ ಶಿಫಾರಸು ಮಾಡಿದೆ. ಆದರೆ ಕಾಳು ಕೊಳ್ಳಲು ಹಣವೆಲ್ಲಿದೆ, ದರ ಕುಸಿದರೆ ಗತಿಯೇನು ಎಂದು ಮಾತ್ರ ಕೇಳಲಿಲ್ಲ.

ತೊಗರಿ ರಾಶಿಯಾಗುವುದು ಡಿಸೆಂಬರ್–ಜನವರಿಯಲ್ಲಿ. ಬೇಳೆ ಮಾರಾಟವಾಗುವುದು ವರ್ಷವಿಡೀ. ಹೀಗಾಗಿ ಗಿರಣಿಗಾರನ ಹಣ ಯಂತ್ರಕ್ಕಿಂತ ಹೆಚ್ಚಾಗಿ ದಾಸ್ತಾನಿನಲ್ಲಿ ಸಿಲುಕಿರುತ್ತದೆ. ನೂರು ಕಿಲೋ ಕಾಳಿಗೆ ದೊರೆಯುವುದು ಸುಮಾರು 70ರಿಂದ 75 ಕಿಲೋ ಬೇಳೆ. ಒಂದೆರಡು ಕಿಲೋ ಕಡಿಮೆಯಾದರೂ ಲಾಭ ಕರಗೀತು. ಮೇಲಾಗಿ ಮ್ಯಾನ್ಮಾರ್, ಮೊಜಾಂಬಿಕ್‌ಗಳ ಫಸಲೂ ಇಲ್ಲಿನ ದರವನ್ನು ನಿರ್ಧರಿಸುತ್ತದೆ.

2016–17ರಲ್ಲಿ ಭರ್ಜರಿ ಬೆಳೆ ಬಂದಿತು. ಬೆಂಬಲ ಬೆಲೆ ಕ್ವಿಂಟಲ್‌ಗೆ 5,050 ರೂಪಾಯಿ ಇದ್ದರೂ ಮಾರುಕಟ್ಟೆ ದರ ಅದಕ್ಕಿಂತ ಕೆಳಗಿಳಿಯಿತು. ಇನ್ನೂ ಏರೀತೆಂದು ದುಬಾರಿ ದಾಸ್ತಾನನ್ನು ಕಾದಿಟ್ಟಿದ್ದ ಆ ಯುವಕರ ಗಿರಣಿ ಮುಚ್ಚಿತು.

ಲೆಕ್ಕ ಹಾಕಬಹುದಾದ ಅಪಾಯ ಬೇರೆ, ಲೆಕ್ಕಕ್ಕೆ ಸಿಗದ ಅನಿಶ್ಚಿತತೆ ಬೇರೆ. ಲಾಭವೆಂಬುದು ಎರಡನೆಯದನ್ನು ಹೊರುವವನ ಪ್ರತಿಫಲ ಎಂದು ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲೇ ವಾದಿಸಿದ್ದರು. ಎಂ.ಎ. ತರಗತಿಯಲ್ಲಿ ನಾನಿದನ್ನು ಓದಿದ್ದೆ; ಕಡತದ ಮುಂದೆ ಕುಳಿತಾಗ ಮರೆತೆ.

ಅದೇ ಕುಸಿತವನ್ನು ದಾಟಿದ ಗಿರಣಿಗಾರರೂ ಇದ್ದಾರೆ. ಸೇಡಂನ ಹಿರಿಯರೊಬ್ಬರು ನನಗೆ ವಿವರಿಸಿದಂತೆ, ಬೇಳೆಗೆ ಗಿರಾಕಿ ಗೊತ್ತಾದಷ್ಟೇ ಕಾಳನ್ನು ಅವರು ಕೊಳ್ಳುತ್ತಿದ್ದರು. ದರ ಇಳಿಯತೊಡಗಿದೊಡನೆ ನಷ್ಟವನ್ನು ಒಪ್ಪಿಕೊಂಡು ಮಾರಿಬಿಟ್ಟರು. ರೈತರ ಬಾಕಿಯನ್ನು ಮಾತ್ರ ಒಂದು ದಿನವೂ ತಡಮಾಡಲಿಲ್ಲ. ಮರುವರ್ಷ ಅವರಿಗೆ ಕಾಳು ದೊರೆತದ್ದು ಆ ನಂಬಿಕೆಯ ಮೇಲೆಯೇ. ಇಳುವರಿಯ ಲೆಕ್ಕ, ಗಿರಾಕಿಯ ಅರಿವು, ತಪ್ಪನ್ನು ಬೇಗ ಒಪ್ಪುವ ವಿವೇಕ, ಕೊಟ್ಟ ಮಾತು: ಉದ್ಯಮಿಗೆ ಬೇಕಾದ ಕೌಶಲಗಳು ಇವೇ ಅಲ್ಲವೇ?

2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಹೆಸರೇನೋ ಬಂದಿತು, ಅದನ್ನು ಬೆಲೆಯಾಗಿ ಪರಿವರ್ತಿಸಲು ಈ ಕೌಶಲಗಳುಳ್ಳವರೇ ಬೇಕು. ಸಾಲ ನೀಡುವವರು ಯಂತ್ರದ ದರಪಟ್ಟಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ದರ ಅರ್ಧಕ್ಕೆ ಇಳಿದ ದಿನ ಏನು ಮಾಡುವಿರಿ?

ಆ ಯುವಕರು ಈಗ ಬೇರೊಬ್ಬರ ಗಿರಣಿಯಲ್ಲಿ ಕಾಳಿನ ಖರೀದಿ ನೋಡಿಕೊಳ್ಳುತ್ತಿದ್ದಾರೆ. ಬಹಳ ಜಾಣತನದ ಖರೀದಿ ಅವರದೆಂದು ಮಾಲೀಕರೇ ಹೊಗಳುತ್ತಾರೆ. ಆ ಜಾಣತನದ ಶುಲ್ಕವನ್ನು ಅವರ ಮನೆಯವರು ಇಂದಿಗೂ ಕಂತುಗಳಲ್ಲಿ ತೀರಿಸುತ್ತಿದ್ದಾರೆ.