ಮೆಗಾಪಿಕ್ಸೆಲ್ ಹೆಚ್ಚಿದರೆ ಚಿತ್ರ ಚೆನ್ನಾಗಿ ಬರುತ್ತದೆಯೇ?

ದಿನಬಳಕೆಗೆ ಜೇಬಿನಲ್ಲಿ ಹಿಡಿಸುವ ಕ್ಯಾಮೆರಾ ಬೇಕೆಂದು ಅಂಗಡಿಗೆ ಹೋದವರು ಮೊದಲು ಕೇಳುವುದು ‘ಎಷ್ಟು ಮೆಗಾಪಿಕ್ಸೆಲ್?’ ಎಂದು. ಸಂಖ್ಯೆ ದೊಡ್ಡದಾದಷ್ಟೂ ಚಿತ್ರ ಚೆನ್ನ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿದೆ.

ಈ ನಂಬಿಕೆಗೆ ವಿರುದ್ಧವಾಗಿ ನಡೆದದ್ದು ಕ್ಯಾಮೆರಾ ತಯಾರಿಸುವ ಕೆನಾನ್ ಕಂಪನಿಯೇ. 2008ರಲ್ಲಿ ಬಂದ ಪವರ್‌ಶಾಟ್ ಜಿ10ರಲ್ಲಿ 14.7 ಮೆಗಾಪಿಕ್ಸೆಲ್ ಇದ್ದವು. ಮರುವರ್ಷದ ಜಿ11ರಲ್ಲಿ 10 ಮಾತ್ರ. ಬೆಳಕು ಹಿಡಿಯುವ ಸೆನ್ಸರ್‌ನ ಅಳತೆ ಬದಲಾಗಲಿಲ್ಲ. ಕಡಿಮೆ ಬೆಳಕಿನಲ್ಲಿ ಚಿತ್ರ ಕಾಳುಕಾಳಾಗುವುದನ್ನು ತಗ್ಗಿಸುವುದೇ ಉದ್ದೇಶವಾಗಿತ್ತು. ಅಷ್ಟಕ್ಕೂ ಎ4 ಹಾಳೆಯಲ್ಲಿ ಅಚ್ಚುಕಟ್ಟಾಗಿ ಮುದ್ರಿಸಲು ಸುಮಾರು 9 ಮೆಗಾಪಿಕ್ಸೆಲ್ ಸಾಕು. ಆಲ್ಬಮ್ಮಿಗೆ ಅಂಟಿಸುವ 4×6 ಇಂಚಿನ ಫೋಟೊಗೆ ಎರಡು ಚಿಲ್ಲರೆ.

ಕೇಳಬೇಕಾದದ್ದು ಸೆನ್ಸರ್ ಎಷ್ಟು ದೊಡ್ಡದು ಎಂದು. ಅಗ್ಗದ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿರುವ 1/2.3 ಇಂಚಿನ ಸೆನ್ಸರ್ ಸುಮಾರು 6.2×4.6 ಮಿಲಿಮೀಟರ್. 2012ರಲ್ಲಿ ಸೋನಿ ಆರ್‌ಎಕ್ಸ್100 ಜೇಬಿನ ಗಾತ್ರದಲ್ಲೇ ತಂದ ‘1 ಇಂಚಿನ’ ಸೆನ್ಸರ್ 13.2×8.8 ಮಿಲಿಮೀಟರ್. ಹೆಸರಿಗೆ ಇಂಚಾದರೂ ಅದರ ಕರ್ಣ 16 ಮಿಲಿಮೀಟರ್ ಅಷ್ಟೇ. ಆದರೂ ವಿಸ್ತೀರ್ಣ ನಾಲ್ಕು ಪಟ್ಟು, ಬೆಳಕು ಹಿಡಿಯುವ ಜಾಗವೂ ಅಷ್ಟೇ ಹೆಚ್ಚು. ಹೊಸದು ದುಬಾರಿ ಎನಿಸಿದರೆ ಇಂಥ ಹಳೆಯ ಮಾದರಿಯನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಹುಡುಕುವುದು ಜಾಣತನ.

ಜೂಮ್ ಕಥೆಯೂ ಹೀಗೆಯೇ. ಡಿಜಿಟಲ್ ಜೂಮ್ ಎಂದರೆ ಚಿತ್ರದ ನಡುವಿನ ತುಂಡನ್ನು ಕತ್ತರಿಸಿ ಹಿಗ್ಗಿಸುವುದು. ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು. ಆಪ್ಟಿಕಲ್ ಜೂಮ್ ನಿಜವಾದದ್ದು, ಆದರೆ ಅದಕ್ಕೂ ಬೆಲೆ ತೆರಬೇಕು. ಅದೇ ಆರ್‌ಎಕ್ಸ್100ರ ಲೆನ್ಸ್ ಅಗಲ ನೋಟದಲ್ಲಿ ಎಫ್/1.8, ಪೂರ್ತಿ ಜೂಮ್ ಮಾಡಿದಾಗ ಎಫ್/4.9. ಅಂದರೆ ಸೆನ್ಸರ್ ಮೇಲೆ ಬೀಳುವ ಬೆಳಕು ಏಳನೇ ಒಂದು ಭಾಗಕ್ಕೆ ಇಳಿಯುತ್ತದೆ.

ಕತ್ತಲಾದರೆ ಫ್ಲ್ಯಾಶ್ ಇದೆಯಲ್ಲ ಎನ್ನುವವರು ಯಕ್ಷಗಾನದ ರಾತ್ರಿಯನ್ನು ನೆನೆಯಲಿ. ಪುಟ್ಟ ಕ್ಯಾಮೆರಾದ ಫ್ಲ್ಯಾಶ್ ಮೂರ್ನಾಲ್ಕು ಮೀಟರ್ ದಾಟುವುದು ಕಷ್ಟ. ಮುಂದಿನ ಸಾಲಿನವರ ತಲೆಗಳು ಬೆಳ್ಳಗಾಗುತ್ತವೆ, ವೇಷಧಾರಿಗೆ ತಲುಪುವ ಬೆಳಕು ತೀರ ಅಲ್ಪ. ಕೈನಡುಕ ತಡೆಯುವ ಸ್ಟೆಬಿಲೈಸೇಶನ್ ಕೂಡ ಗಿರಕಿ ಹೊಡೆಯುವ ಕಲಾವಿದರನ್ನು ಸ್ಫುಟವಾಗಿ ಹಿಡಿಯಲಾರದು. ಅದಕ್ಕೆ ಬೇಗ ಮುಚ್ಚುವ ಶಟರ್, ಅಂದರೆ ಮತ್ತೆ ಹೆಚ್ಚು ಬೆಳಕು ಬೇಕು.

ಕ್ಯಾಮೆರಾ ಎಂದ ಮಾತ್ರಕ್ಕೆ ಫೋನಿಗಿಂತ ಮೇಲು ಎಂಬುದೂ ಸುಳ್ಳು. ಹಲವು ಚಿತ್ರಗಳನ್ನು ಬೆಸೆದು ಒಂದಾಗಿಸುವ ಇಂದಿನ ಒಳ್ಳೆಯ ಫೋನ್, ಕತ್ತಲಲ್ಲಿ 1/2.3 ಇಂಚಿನ ಅಗ್ಗದ ಕ್ಯಾಮೆರಾವನ್ನು ಸುಲಭವಾಗಿ ಸೋಲಿಸಬಲ್ಲದು. ದೂರದ ಹಕ್ಕಿ, ದೂರದ ಗೋಪುರ ಬೇಕಾದವರಿಗೆ ಮಾತ್ರ ಅಂಥ ಕ್ಯಾಮೆರಾದ ಆಪ್ಟಿಕಲ್ ಜೂಮ್ ಉಪಯುಕ್ತ.

ದುಡ್ಡು ಕೊಡುವ ಮುನ್ನ ಸ್ವಂತ ಮೆಮೊರಿ ಕಾರ್ಡ್ ಹಾಕಿ, ಫ್ಲ್ಯಾಶ್ ಆರಿಸಿ, ಅಂಗಡಿಯ ಮಬ್ಬು ಮೂಲೆಯಲ್ಲಿ ನಾಲ್ಕಾರು ಚಿತ್ರ ತೆಗೆಯಿರಿ. ಅವನ್ನು ಮನೆಯ ಕಂಪ್ಯೂಟರಿನಲ್ಲಿ ಪೂರ್ಣ ಗಾತ್ರದಲ್ಲಿ ನೋಡಿದ ಮೇಲೆಯೇ ತೀರ್ಮಾನಿಸಿ.